ಸೋತವನ ಹೆಸರು ಎನ್.ಎನ್.

ಹಳೆಯ ಚೆಸ್ ಪುಸ್ತಕಗಳನ್ನು ತಿರುವಿ ಹಾಕುವವರಿಗೆ ಒಬ್ಬ ಆಟಗಾರ ಮತ್ತೆ ಮತ್ತೆ ಎದುರಾಗುತ್ತಾನೆ. ಲಂಡನ್ನಿನಲ್ಲಿ ಸೋಲುತ್ತಾನೆ, ಪ್ಯಾರಿಸ್ಸಿನಲ್ಲಿ ಸೋಲುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಮಾರ್ಫಿಯ ಎದುರು ಸೋತವನೂ ಅವನೇ, ಮುಂದಿನ ಶತಮಾನದ ಮಾಸ್ಟರುಗಳ ಎದುರು ಸೋತವನೂ ಅವನೇ. ಹೆಸರು ಎನ್.ಎನ್. 'ಹೆಸರು ತಿಳಿಯದು' ಎಂಬರ್ಥದ ಲ್ಯಾಟಿನ್ ಪದಗಳ ಮೊದಲಕ್ಷರಗಳು ಇವು ಎನ್ನುತ್ತಾರೆ. ಗೆದ್ದವನ ಹೆಸರು, ಊರು, ಇಸವಿ ಎಲ್ಲವೂ ಅಚ್ಚಾಗಿರುತ್ತವೆ. ಸೋತವನ ಪಾಲಿಗೆ ಎರಡೇ ಅಕ್ಷರ. ಅವನು ಆಮೇಲೆ ಮನೆಗೆ ಹೋಗಿ ಏನು ಮಾಡಿದ, ಆ ಆಟವನ್ನು ಮತ್ತೆ ಜೋಡಿಸಿ ನೋಡಿದನೇ, ಮುಂದಿನ ಸಲ ಸ್ವಲ್ಪ ಚೆನ್ನಾಗಿ ಆಡಿದನೇ ಎಂಬುದು ಯಾರಿಗೂ ಬೇಕಿಲ್ಲ.

ನನಗೆ ಬೇಕು. ಏಕೆಂದರೆ ನಾನು ಅವನೇ. ಮೂರು ವರ್ಷಗಳಿಂದ ಆನ್‌ಲೈನಿನಲ್ಲಿ ಆಡುತ್ತಿದ್ದೇನೆ. ರೇಟಿಂಗು 1400ರ ಆಸುಪಾಸಿನಲ್ಲಿ, ನೀರು ಹೋಗದ ಮೋರಿಯ ಹಾಗೆ ನಿಂತಿದೆ. ಈ ಮೂರು ವರ್ಷಗಳಲ್ಲಿ ಆಡಿದ್ದಕ್ಕಿಂತ ಹೆಚ್ಚು ಓದಿದ್ದೇನೆ ಎಂದರೆ ಉತ್ಪ್ರೇಕ್ಷೆಯಲ್ಲ. ಪಿಎಚ್‌ಡಿ ಮಾಡುವವರಿಗೆ ಇದು ಹೊಸ ಕಾಯಿಲೆಯೇನಲ್ಲ. ಬರೆಯಬೇಕಾದ ಅಧ್ಯಾಯ ಬರೆಯದೆ ಅದರ ಬಗ್ಗೆ ಇನ್ನೆರಡು ಪುಸ್ತಕ ತರಿಸಿಕೊಳ್ಳುವವರು ನಾವು. ಈ ಬರಹದಲ್ಲಿ ಚೆಸ್ ಕಲಿಸುವ ಉದ್ದೇಶ ಇಲ್ಲ, ಕಲಿಸುವಷ್ಟು ನನಗೆ ಬರುವುದೂ ಇಲ್ಲ. ಹವ್ಯಾಸಿಯೊಬ್ಬ ಈ ಆಟದಲ್ಲಿ ಸುಧಾರಿಸುವುದು ಎಂದರೆ ಏನು ಎಂಬುದನ್ನು ಪುಸ್ತಕಗಳು ಹೇಗೆ ಬರೆದಿವೆ, ಅವುಗಳಲ್ಲಿ ನಮ್ಮಂಥವರಿಗೆ ಎಷ್ಟು ಜಾಗ ಇದೆ ಎಂದು ನೋಡಬೇಕಿದೆ.

ಕತೆಗಳಿಂದಲೇ ಶುರುಮಾಡೋಣ. ಪ್ರೇಮಚಂದರ 'ಶತರಂಜ್ ಕೆ ಖಿಲಾಡಿ' ಎಲ್ಲರಿಗೂ ಗೊತ್ತು. ಅವಧ ಕೈತಪ್ಪಿ ಹೋಗುತ್ತಿರುವಾಗ ಮಿರ್ಜಾ ಮತ್ತು ಮೀರ್ ಪಟದಿಂದ ಕಣ್ಣು ಎತ್ತುವುದಿಲ್ಲ. ಆದರೆ ಆ ಇಬ್ಬರಲ್ಲಿ ಯಾರು ಉತ್ತಮ ಆಟಗಾರ, ದಿನಾ ಆಡಿ ಆಡಿ ಅವರ ಆಟ ಸುಧಾರಿಸಿತೇ ಎಂಬ ಪ್ರಶ್ನೆಗೆ ಕತೆಯಲ್ಲಿ ಎಡೆಯಿಲ್ಲ. ಅಲ್ಲಿ ಚದುರಂಗ ಒಂದು ಚಟ, ಚಟದಲ್ಲಿ ಪ್ರಗತಿಯ ಮಾತೆಲ್ಲಿ? ಸುಧಾರಣೆಯ ಕತೆ ಬೇಕೆಂದರೆ ಸ್ಟೀಫಾನ್ ಜ್ವೀಗ್‌ನ ಬಳಿ ಹೋಗಬೇಕು. ಅವನು ತೀರಿಕೊಂಡ 1942ರಲ್ಲಿಯೇ ಪ್ರಕಟವಾದ, ಇಂಗ್ಲಿಷಿನಲ್ಲಿ 'ಚೆಸ್ ಸ್ಟೋರಿ' ಎಂದೂ 'ದ ರಾಯಲ್ ಗೇಮ್' ಎಂದೂ ಸಿಗುವ ಕಿರುಕಾದಂಬರಿ ಅದು. ವಿಯೆನ್ನಾದ ವಕೀಲ ಡಾ. ಬಿ.ಯನ್ನು ಗೆಸ್ಟಾಪೊ ಒಂದು ಹೋಟೆಲ್ ಕೋಣೆಯಲ್ಲಿ ಒಂಟಿಯಾಗಿ ಕೂಡಿಹಾಕುತ್ತದೆ. ಓದಲು ಬರೆಯಲು ಏನೂ ಇಲ್ಲ. ವಿಚಾರಣೆಗೆ ಕಾಯುವಾಗ ಒಂದು ಕೋಟಿನ ಜೇಬಿನಿಂದ ಅವನು ಪುಸ್ತಕ ಕದಿಯುತ್ತಾನೆ. ಗಯಟೆಯೋ ಹೋಮರನೋ ಇರಬಹುದೆಂಬ ಆಸೆ. ನೋಡಿದರೆ 150 ಚೆಸ್ ಆಟಗಳ ಸಂಗ್ರಹ. ಚೌಕುಳಿಯ ಹೊದಿಕೆಯೇ ಪಟ, ಬ್ರೆಡ್ಡಿನ ಚೂರುಗಳೇ ಕಾಯಿ. ಆಮೇಲೆ ಅವೂ ಬೇಡವಾಗಿ ಎಲ್ಲ ತಲೆಯೊಳಗೇ. ಮುಂದೆ ಹಡಗಿನಲ್ಲಿ ವಿಶ್ವ ಚಾಂಪಿಯನ್ ಚೆಂಟೊವಿಚ್ ಎದುರಾದಾಗ ಅವನನ್ನೇ ಸೋಲಿಸುತ್ತಾನೆ.

ಈ ಕಾದಂಬರಿಯನ್ನು ನಾನು ನಾಲ್ಕು ಸಲ ಓದಿದ್ದೇನೆ. ಫ್ಯಾಸಿಸಂ, ಏಕಾಂತ, ಎರಡಾಗಿ ಸೀಳುವ ಮನಸ್ಸು ಇವುಗಳ ಬಗ್ಗೆ ಅದು ಹೇಳುವುದು ನಿಜ. ಆದರೆ ಆಟ ಕಲಿಯುವುದರ ಬಗ್ಗೆ ಅದು ಹೇಳುವುದು ಓದುಬಲ್ಲವರ ಹಗಲುಗನಸು. 150 ಆಟಗಳನ್ನು ಉರುಹೊಡೆದರೆ, ಎದುರಿಗೆ ಒಬ್ಬನೂ ಇಲ್ಲದೆ, ಒಂದು ಸಲವೂ ಸೋಲದೆ ಚಾಂಪಿಯನ್ನನಷ್ಟು ಎತ್ತರಕ್ಕೆ ಏರಬಹುದು ಎಂಬ ಕನಸು. ನಮ್ಮಂಥ ಪುಸ್ತಕದ ಹುಳುಗಳಿಗೆ ಅದು ಯಾಕೆ ಅಷ್ಟು ಹಿಡಿಸುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅದೇ ಹಡಗಿನಲ್ಲಿ ಮೆಕಾನರ್ ಎಂಬ ಎಂಜಿನಿಯರ್ ಇದ್ದಾನೆ. ಚಾಂಪಿಯನ್ನನೊಡನೆ ಒಂದು ಆಟಕ್ಕೆ 250 ಡಾಲರ್ ತೆರುತ್ತಾನೆ, ಸೋಲುತ್ತಾನೆ, ಕೆಂಪಗಾಗುತ್ತಾನೆ, ತಕ್ಷಣ ಇನ್ನೊಂದು ಆಟ ಬೇಕೆನ್ನುತ್ತಾನೆ. ಜ್ವೀಗ್ ಅವನನ್ನು ಒರಟ, ಹಣದ ಮದದವನು ಎಂಬಂತೆ ಚಿತ್ರಿಸಿ ನಗುತ್ತಾನೆ. ಮೊದಮೊದಲು ನಾನೂ ನಕ್ಕೆ. ಈಗ ನೋಡಿದರೆ ಇಡೀ ಕಾದಂಬರಿಯಲ್ಲಿ ಹವ್ಯಾಸಿ ಎಂದು ಕರೆಯಬಹುದಾದ ಆಟಗಾರ ಅವನೇ. ಸೋಲಿಗೆ ಬೆಲೆ ತೆತ್ತು, ಸೋತ ಮೇಲೂ ಕುರ್ಚಿ ಬಿಟ್ಟು ಏಳದವನು. ಲೇಖಕನಿಗೆ ಅವನ ಬಗ್ಗೆ ಕುತೂಹಲವಿಲ್ಲ, ಅಷ್ಟೆ.

ಕತೆ ಬಿಟ್ಟು ಕಲಿಸುವ ಪುಸ್ತಕಗಳಿಗೆ ಬಂದರೆ ಎನ್.ಎನ್.ನ ಸ್ಥಿತಿ ಸುಧಾರಿಸುತ್ತದೆಯೇ? ಸ್ವಲ್ಪ. ಜೆರೆಮಿ ಸಿಲ್ಮನ್‌ನ 'ದಿ ಅಮೆಚೂರ್ಸ್ ಮೈಂಡ್' ಪುಸ್ತಕದ ಉಪಾಯ ಒಳ್ಳೆಯದು: ಶಿಷ್ಯರ ಮುಂದೆ ಒಂದು ಸ್ಥಿತಿ ಇಟ್ಟು, ಜೋರಾಗಿ ಯೋಚಿಸಲು ಹೇಳಿ, ಆ ಮಾತುಗಳನ್ನು ಬರೆದುಕೊಳ್ಳುವುದು. ಹವ್ಯಾಸಿಯ ಬಾಯಿಗೆ ಮಾತು ಬಂದದ್ದು ದೊಡ್ಡದೇ. ಆದರೆ ಅಲ್ಲಿ ಅವನನ್ನು ಗುರುತಿಸುವುದು ರೇಟಿಂಗ್ ಸಂಖ್ಯೆಯಿಂದ. ಎರಡು ಅಕ್ಷರ ಹೋಗಿ ನಾಲ್ಕು ಅಂಕಿ ಬಂದವು. ಮೇಷ್ಟರ ದನಿಯಲ್ಲಿ ಗೇಲಿಯೂ ಇದೆ; ಓದುವಾಗ ನಗು ಬರುತ್ತದೆ, ಮುಚ್ಚಿಟ್ಟ ಮೇಲೆ ನಕ್ಕದ್ದು ಯಾರನ್ನು ನೋಡಿ ಎಂದು ಹೊಳೆಯುತ್ತದೆ.

ಇನ್ನು ಮೈಕೆಲ್ ಡಿ ಲಾ ಮಾಜಾ. ಚೆಸ್ ಹವ್ಯಾಸಿಗಳ ನಡುವೆ ಈ ಹೆಸರು ತೆಗೆದರೆ ಈಗಲೂ ಜಗಳವಾಗುತ್ತದೆ. ದೊಡ್ಡವನಾದ ಮೇಲೆ ಆಟಕ್ಕಿಳಿದ ಈ ಅಮೆರಿಕನ್ 1300ರ ಆಸುಪಾಸಿನಿಂದ ಸುಮಾರು ಎರಡು ವರ್ಷಗಳಲ್ಲಿ 2000 ದಾಟಿದ. ಹೇಗೆಂದು 2002ರ 'ರ್ಯಾಪಿಡ್ ಚೆಸ್ ಇಂಪ್ರೂವ್‌ಮೆಂಟ್' ಪುಸ್ತಕದಲ್ಲಿ ಬರೆದ. ಒಂದು ಸಾವಿರದಷ್ಟು ತಂತ್ರದ ಸಮಸ್ಯೆಗಳನ್ನು ಬಿಡಿಸಬೇಕು. ಮುಗಿದ ಮೇಲೆ ಅವೇ ಸಮಸ್ಯೆಗಳನ್ನು ಮೊದಲಿನಿಂದ, ಇನ್ನೂ ಕಡಿಮೆ ಸಮಯದಲ್ಲಿ ಬಿಡಿಸಬೇಕು. ಹೀಗೆ ಏಳು ಸುತ್ತು. ನೆಟ್ ಪರೀಕ್ಷೆಯ ಗೈಡು ಬರೆದವರ ಗದ್ಯ ಹೇಗಿರುತ್ತದೋ ಹಾಗಿದೆ ಇವನ ಗದ್ಯ. ವೇಳಾಪಟ್ಟಿ, ಗುರಿ, ಫಲಿತಾಂಶ. ಆದರೂ ಇವನನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ನಮ್ಮ ಮಟ್ಟದ ಆಟಗಳು ಗಹನವಾದ ಯೋಜನೆಯಿಂದಲ್ಲ, ಒಂದು ಕುದುರೆಯನ್ನು ಕಾಣದೆ ಹೋದದ್ದರಿಂದ ಸೋಲುತ್ತವೆ ಎಂದು ಅವನು ಮುಲಾಜಿಲ್ಲದೆ ಹೇಳಿದ. ಅದು ಸತ್ಯ. ಪುಸ್ತಕದ ಕೊರತೆ ಬೇರೆ ಕಡೆ ಇದೆ. ಅದರಲ್ಲಿ ಆಟ ಇಷ್ಟಪಡುವ ಮನುಷ್ಯನೇ ಕಾಣುವುದಿಲ್ಲ. ಗುರಿ ಮುಟ್ಟಿದ ಮೇಲೆ ಅವನು ಪಂದ್ಯಗಳನ್ನೇ ಬಿಟ್ಟುಬಿಟ್ಟ ಎಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಇದಕ್ಕೆ ತದ್ವಿರುದ್ಧ ತುದಿಯಲ್ಲಿರುವವನು ಸ್ಕಾಟ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಜೊನಾಥನ್ ರೌಸನ್. ಅವನ 'ಚೆಸ್ ಫಾರ್ ಜೀಬ್ರಾಸ್' 2005ರಲ್ಲಿ ಬಂತು. ಚೆಸ್ ಬರಹಗಾರರಲ್ಲಿ ಇವನಷ್ಟು ಚೆನ್ನಾಗಿ ಬರೆಯುವವರು ಕಡಿಮೆ. ವಯಸ್ಕರು ಯಾಕೆ ಸುಧಾರಿಸುವುದಿಲ್ಲ ಎಂಬ ಪ್ರಶ್ನೆಯನ್ನು ಅವನು ನೇರವಾಗಿ ಎತ್ತಿಕೊಳ್ಳುತ್ತಾನೆ. ಅವನ ವಾದ ಸ್ಥೂಲವಾಗಿ ಹೀಗೆ: ವಯಸ್ಕ ಹವ್ಯಾಸಿಗೆ ಬೇಕಿರುವುದು ಕೌಶಲ, ಆದರೆ ಅವನು ಹುಡುಕಿಕೊಂಡು ಹೋಗುವುದು ತಿಳಿವಳಿಕೆಯನ್ನು. ಇನ್ನೊಂದು ಪುಸ್ತಕ, ಇನ್ನೊಂದು ಆರಂಭದ ಕ್ರಮ, ಇನ್ನೊಂದು ಸಿದ್ಧಾಂತ. ಇದ್ದ ಅಭ್ಯಾಸಗಳ ಮೇಲೆ ಹೊಸ ಮಾಹಿತಿ ಪೇರಿಸುತ್ತಾನೆ, ಹಳೆಯ ಅಭ್ಯಾಸಗಳನ್ನು ಕಳಚುವುದಿಲ್ಲ. ಓದಿದಾಗ ಬೆನ್ನ ಮೇಲೆ ಯಾರೋ ಬಾರಿಸಿದಂತಾಯಿತು. ತಮಾಷೆ ಎಂದರೆ, ಈ ಮಾತನ್ನು ಇಷ್ಟು ಸೊಗಸಾಗಿ ಬರೆದದ್ದೇ ಅವನ ತೊಂದರೆ. ನಾನು ಆ ಪುಸ್ತಕವನ್ನು ಅಡಿಗೆರೆ ಹಾಕುತ್ತಾ ಓದಿ ಮುಗಿಸಿದೆ, ಗೆಳೆಯರಿಗೆ ಶಿಫಾರಸು ಮಾಡಿದೆ, ರೇಟಿಂಗು ಇದ್ದಲ್ಲೇ ಇತ್ತು. ಓದುವುದರ ವಿರುದ್ಧ ಬರೆದ ಪುಸ್ತಕವನ್ನೂ ನಾವು ಓದಿಯೇ ಜೀರ್ಣಿಸಿಕೊಳ್ಳುತ್ತೇವೆ.

ಕಾವ್ಯಮೀಮಾಂಸೆ ಓದಿದವರಿಗೆ ಈ ಜಗಳ ಹೊಸದಲ್ಲ. ಕಾವ್ಯಕ್ಕೆ ಕಾರಣವೇನು ಎಂಬ ಪ್ರಶ್ನೆಗೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಎಂ.ಎ. ಮೊದಲ ವರ್ಷದಲ್ಲಿ ನಾವೆಲ್ಲ ಬರೆದು ಅಂಕ ಪಡೆದವರೇ. ಮಮ್ಮಟ ಈ ಮೂರನ್ನು ಹೇಳಿ ಕೊನೆಗೆ 'ಹೇತು' ಎಂದು ಏಕವಚನದಲ್ಲಿ ನಿಲ್ಲಿಸುತ್ತಾನೆ. ಮೂರು ಬಿಡಿ ಕಾರಣಗಳಲ್ಲ, ಕೂಡಿ ಒಂದೇ ಕಾರಣ. ನಾವು ಅಷ್ಟಾಗಿ ಗಮನಿಸದ ಇನ್ನೊಂದು ಮಾತೂ ಅಲ್ಲಿದೆ. ಅಭ್ಯಾಸವೆಂದರೆ ಬರಿಯ ಪುನರಾವರ್ತನೆಯಲ್ಲ, ಕಾವ್ಯ ಬಲ್ಲವರ ಶಿಕ್ಷಣದಲ್ಲಿ ಮಾಡುವ ಅಭ್ಯಾಸ. ಡಿ ಲಾ ಮಾಜಾನ ಏಳು ಸುತ್ತುಗಳಲ್ಲಿ ಇಲ್ಲದ್ದು ಈ 'ಬಲ್ಲವರು'. ತಪ್ಪು ಉತ್ತರ ಯಾಕೆ ನನಗೆ ಸರಿಯೆಂದು ಕಂಡಿತು ಎಂದು ಪಕ್ಕದಲ್ಲಿ ಕೂತು ಕೇಳುವವರು.

ಹಾಗೆ ಕೇಳುವ ಒಂದು ಪುಸ್ತಕ ನನಗೆ ಸಿಕ್ಕಿದ್ದು ತಡವಾಗಿ. ಮ್ಯಾಕ್ಸ್ ಯೂವೆ ಮತ್ತು ವಾಲ್ಟರ್ ಮೈಡನ್ ಸೇರಿ ಬರೆದ 'ಚೆಸ್ ಮಾಸ್ಟರ್ ವರ್ಸಸ್ ಚೆಸ್ ಅಮೆಚೂರ್', 1963ರದು. ಹೆಸರು ಕೇಳಿದರೆ ಕುಸ್ತಿ ಪಂದ್ಯದ ಜಾಹೀರಾತಿನಂತಿದೆ. ಒಳಗೆ 25 ಆಟಗಳು, ಎಲ್ಲದರಲ್ಲೂ ಒಂದು ಕಡೆ ಮಾಸ್ಟರ್, ಇನ್ನೊಂದು ಕಡೆ ಅಮೆಚೂರ್. ಇಲ್ಲೂ ಸೋತವನಿಗೆ ಹೆಸರಿಲ್ಲ, ನಿಜ. ಆದರೆ ಗೆದ್ದವನಿಗೂ ಇಲ್ಲ! ಪುಟ ಮುಂದೆ ಹೋದಂತೆ ಅಮೆಚೂರ್ ಬಲಿಯುತ್ತಾ ಹೋಗುತ್ತಾನೆ. ಮೊದಲ ಆಟಗಳಲ್ಲಿ ಕಾಯಿಯನ್ನೇ ಸುಮ್ಮನೆ ಬಿಟ್ಟುಕೊಡುವವನು ಕೊನೆಕೊನೆಗೆ ಮಾಸ್ಟರನನ್ನು ಬೆವರಿಳಿಸುತ್ತಾನೆ. ಇಡೀ ಪುಸ್ತಕವನ್ನು ಒಬ್ಬನೇ ಹವ್ಯಾಸಿಯ ಬೆಳವಣಿಗೆಯ ಕಾದಂಬರಿಯ ಹಾಗೆ ಓದಬಹುದು. ನಾನು ಹಾಗೆಯೇ ಓದುತ್ತಿದ್ದೇನೆ.

ಬರೆದವರು ಯಾರೆಂದು ನೋಡಿದರೆ ಪುಸ್ತಕದ ಗುಣ ಇನ್ನಷ್ಟು ಬಿಚ್ಚಿಕೊಳ್ಳುತ್ತದೆ. ಯೂವೆ 1935ರಲ್ಲಿ ಅಲೆಖಿನ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದವನು, ಎರಡು ವರ್ಷದ ನಂತರ ಅವನಿಗೇ ಸೋತವನು. ಹೊಟ್ಟೆಪಾಡಿಗೆ ಆಮ್‌ಸ್ಟರ್‌ಡ್ಯಾಮಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತದ ಮೇಷ್ಟರು. ಅಂದರೆ ವೃತ್ತಿಯ ಲೆಕ್ಕದಲ್ಲಿ ಮಾಸ್ಟರನೇ ಹವ್ಯಾಸಿ. ಮೈಡನ್ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಫ್ರೆಂಚ್ ಕಲಿಸುತ್ತಿದ್ದವನು, ಫ್ರೆಂಚ್ ಕಲಿಯುವವರಿಗೆ ಪಠ್ಯಪುಸ್ತಕ ಬರೆದವನು. ಇಬ್ಬರೂ ಮೇಷ್ಟರುಗಳು. ಬೇರೆ ಭಾಷೆ ಕಲಿಸಿದವರಿಗೆ ಒಂದು ವಿಷಯ ಗೊತ್ತಿರುತ್ತದೆ: ವಿದ್ಯಾರ್ಥಿಯ ತಪ್ಪು ಸುಮ್ಮನೆ ಆಗುವುದಿಲ್ಲ, ಅದಕ್ಕೂ ಒಂದು ವ್ಯಾಕರಣ ಇರುತ್ತದೆ. ಕನ್ನಡ ಕಲಿಯುವ ಉತ್ತರದ ಗೆಳೆಯ 'ಬಸ್ಸು ಬಂದಳು' ಎಂದರೆ ಅವನು ದಡ್ಡನಲ್ಲ, ತನ್ನ ಭಾಷೆಯ ನಿಯಮವನ್ನು ನಮ್ಮದರ ಮೇಲೆ ಹಾಕಿದ್ದಾನೆ. ಈ ಪುಸ್ತಕದಲ್ಲಿ ಹವ್ಯಾಸಿಯ ತಪ್ಪು ನಡೆಗಳನ್ನು ಅದೇ ಕಣ್ಣಿನಿಂದ ನೋಡಿದಂತೆ ನನಗೆ ತೋರುತ್ತದೆ. ಮಾಸ್ಟರುಗಳು ಮಾಸ್ಟರುಗಳೊಡನೆ ಆಡಿದ ಆಟಗಳಲ್ಲಿ ನಮ್ಮ ತಪ್ಪುಗಳು ಬರುವುದೇ ಇಲ್ಲ. ಹಾಗಾಗಿ ಅವಕ್ಕೆ ಶಿಕ್ಷೆ ಏನು ಎಂಬುದು ನಮಗೆ ತಿಳಿಯುವುದೂ ಇಲ್ಲ. ಇಲ್ಲಿ ಬರುತ್ತವೆ, ಸಾವಧಾನವಾಗಿ ಬರುತ್ತವೆ.

ಗದ್ಯ ಸಪ್ಪೆ. ವಿವರಣೆ ಕೆಲವು ಕಡೆ ಎಳೆದಾಡುತ್ತದೆ. ಕಂಪ್ಯೂಟರ್ ಬಂದ ಮೇಲೆ ಅರವತ್ತು ವರ್ಷ ಹಳೆಯ ವಿಶ್ಲೇಷಣೆ ಅಲ್ಲಲ್ಲಿ ಸಡಿಲವಾಗಿ ಕಾಣುವುದೂ ಸಹಜವೇ. ಆದರೂ ಇದನ್ನು ನಾನು ಒಳ್ಳೆಯ ವಿಮರ್ಶೆಯ ಪಕ್ಕದಲ್ಲಿಡುತ್ತೇನೆ. ಒಳ್ಳೆಯ ವಿಮರ್ಶಕ ಪದ್ಯ ಸೋತಿದೆ ಎಂದು ಹೇಳಿ ಎದ್ದು ಹೋಗುವುದಿಲ್ಲ, ಯಾವ ಸಾಲಿನಲ್ಲಿ, ಏನನ್ನು ನಂಬಿ ಕವಿ ಆ ಕಡೆ ತಿರುಗಿದ ಎಂದು ತೋರಿಸುತ್ತಾನೆ.

ಈ ರೀತಿಯನ್ನು ಬೇರೆ ಆಟಗಳ ಮೇಲೆ ಪ್ರಯೋಗಿಸಿ ನೋಡಿದೆ. 1858ರಲ್ಲಿ ಪ್ಯಾರಿಸ್ಸಿನ ಆಪೆರಾ ಮಂದಿರದಲ್ಲಿ ಮಾರ್ಫಿ ಆಡಿದ ಆಟ ಚೆಸ್ ಕಲಿಯುವವರಿಗೆಲ್ಲ ಬಾಲಪಾಠ. ಎದುರಿಗೆ ಬ್ರನ್ಸ್‌ವಿಕ್‌ನ ಡ್ಯೂಕ್ ಮತ್ತು ಕೌಂಟ್ ಇಸುಆರ್, ಇಬ್ಬರೂ ಸೇರಿ ಸಮಾಲೋಚಿಸಿ ಆಡಿದರು. ದೊಡ್ಡ ಮನೆತನದವರಾದ್ದರಿಂದ ಇವರಿಗೆ ಎನ್.ಎನ್. ಆಗುವ ಭಾಗ್ಯ ತಪ್ಪಿತು. 17ನೆಯ ನಡೆಗೆ ಆಟ ಮುಗಿಯಿತು. ಎಲ್ಲರೂ ಮಾರ್ಫಿಯ ಕೊನೆಯ ಮೂರ್ನಾಲ್ಕು ನಡೆಗಳನ್ನು ಕೊಂಡಾಡುತ್ತಾರೆ: ರಾಣಿಯನ್ನೇ ಬಲಿಕೊಟ್ಟು ಆನೆಯಿಂದ ಮೇಟ್. ನನ್ನ ಕುತೂಹಲ ಇದ್ದದ್ದು ಡ್ಯೂಕನ ಕಡೆಯ ಒಂಬತ್ತನೆಯ ನಡೆಯ ಮೇಲೆ. ಅವರು ಬಿ ಸಾಲಿನ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿ ಮಾರ್ಫಿಯ ಒಂಟೆಯ ಮೇಲೆ ಬಿದ್ದರು. ಪುಸ್ತಕಗಳು ಹೇಳುವುದು ಇಷ್ಟೇ: ತಪ್ಪು, ಕಾಯಿಗಳನ್ನು ಹೊರಗೆ ತರಬೇಕಿತ್ತು. ಸರಿಯೇ. ಆಟ ಮುಗಿದಾಗಲೂ ಕಪ್ಪಿನ ಒಂದು ಒಂಟೆ, ಒಂದು ಆನೆ ಹುಟ್ಟಿದ ಮನೆಯಿಂದ ಕದಲಿರಲಿಲ್ಲ. ಆದರೆ ಇಬ್ಬರು ತಲೆ ಸೇರಿಸಿ ಯೋಚಿಸಿದವರಿಗೆ ಆ ನಡೆ ಯಾಕೆ ಚೆನ್ನಾಗಿ ಕಂಡಿತು? ನಾನು ಆ ಜಾಗದಲ್ಲಿ ಕೂತು ಯೋಚಿಸಿದೆ. ಬಿಳಿಯ ಒಂಟೆ ದೂರದಿಂದಲೇ ನಮ್ಮ ರಾಜನ ಪಕ್ಕದ ಮನೆಗೆ ಗುರಿಯಿಟ್ಟು ಕೂತಿದೆ. ಅದನ್ನು ಕಾಲಾಳಿನಿಂದ ಬೆದರಿಸಿದರೆ ಅದು ಹಿಂದೆ ಸರಿಯಲೇಬೇಕು. ಅಷ್ಟರಲ್ಲಿ ನಮಗೆ ಒಂದು ನಡೆ ಉಳಿತಾಯ.

ಸರಿಯಲೇಬೇಕು. ಮಾರ್ಫಿ ಸರಿಯಲಿಲ್ಲ. ಕುದುರೆಯನ್ನು ಕೊಟ್ಟು ಆ ಕಾಲಾಳನ್ನು ಹೊಡೆದ, ಅಲ್ಲಿಂದ ಕಪ್ಪಿನ ರಾಜ ಉಸಿರಾಡಲಿಲ್ಲ.

ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಸೋತ ಆಟಗಳಿಗೆ ಮಾತ್ರ. ಯಾವ ನಡೆಯಲ್ಲಿ ಆಟ ಕೈಬಿಟ್ಟಿತು ಎಂದು ಕಂಪ್ಯೂಟರ್ ಒಂದು ಕ್ಷಣದಲ್ಲಿ ಹೇಳುತ್ತದೆ. ಅದನ್ನು ಕೇಳುವ ಮುಂಚೆ, ಆ ನಡೆ ನನಗೆ ಯಾಕೆ ಸರಿ ಎನಿಸಿತ್ತು ಎಂದು ಕನ್ನಡದಲ್ಲಿ ಒಂದು ವಾಕ್ಯ ಬರೆಯಬೇಕು. ಒಂದು ತಿಂಗಳಾದ ಮೇಲೆ ಪುಟ ತಿರುವಿದರೆ ಅರ್ಧಕ್ಕಿಂತ ಹೆಚ್ಚು ವಾಕ್ಯಗಳ ಕೊನೆಗೆ ಅದೇ ಪ್ರತ್ಯಯ: ತೆಗೆದುಕೊಳ್ಳಲೇಬೇಕು, ಓಡಲೇಬೇಕು, ಕಾಯಲೇಬೇಕು. ಎದುರಾಳಿಗೆ ನಾನು ಬಿಟ್ಟುಕೊಟ್ಟದ್ದು ಒಂದೇ ದಾರಿ. ಅವನು ಎರಡನೆಯದನ್ನು ಹಿಡಿದ. ಇದು ತಿಳಿವಳಿಕೆಯ ಕೊರತೆಯಲ್ಲ. ನನಗೆ ಆರಂಭದ ಕ್ರಮಗಳು ನನ್ನ ಮಟ್ಟಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಗೊತ್ತು. ಇದು ಎದುರಿಗೆ ಇನ್ನೊಬ್ಬ ಮನುಷ್ಯ ಕೂತಿದ್ದಾನೆ ಎಂಬುದನ್ನು ಮರೆತದ್ದು. ಡಾ. ಬಿ. ಕೋಣೆಯಲ್ಲಿ ಕಲಿಯಲು ಸಾಧ್ಯವಿಲ್ಲದ ಪಾಠ ಇದೇ ಇರಬೇಕು. ಚೆಂಟೊವಿಚ್ ಎರಡನೆಯ ಆಟದಲ್ಲಿ ಬೇಕೆಂದೇ ನಿಧಾನಿಸತೊಡಗಿದಾಗ ಅವನು ಕುಸಿದದ್ದೂ ಅದಕ್ಕೇ ಎಂದು ಈಗ ಅನಿಸುತ್ತದೆ. ಅಂದರೆ ಜ್ವೀಗ್‌ಗೆ ಇದು ಗೊತ್ತಿತ್ತು. ನಾನು ನಾಲ್ಕು ಸಲ ಓದಿಯೂ ಕನಸಿನ ಭಾಗವನ್ನಷ್ಟೇ ಓದಿಕೊಂಡಿದ್ದೆ.

ಇದು ಚೆಸ್ಸಿಗೆ ನಿಂತಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಅದೇ ತಿಂಗಳು ನನ್ನ ಪ್ರಬಂಧದ ಮೂರನೆಯ ಅಧ್ಯಾಯ ಮಾರ್ಗದರ್ಶಕರಿಂದ ವಾಪಸು ಬಂತು. ಅಂಚಿನಲ್ಲಿ ಪೆನ್ಸಿಲ್ಲಿನ ಪ್ರಶ್ನಾರ್ಥಕ ಚಿಹ್ನೆಗಳು. ಮೊದಲು ಸಿಟ್ಟು ಬಂತು. ಆಮೇಲೆ ಒಂದೊಂದಾಗಿ ನೋಡಿದೆ. ಕವಿ ಇಲ್ಲಿ ಇದನ್ನೇ ಉದ್ದೇಶಿಸಿರಲೇಬೇಕು, ಓದುಗ ಇದನ್ನು ಒಪ್ಪಲೇಬೇಕು, ಈ ಪದಕ್ಕೆ ಈ ಅರ್ಥ ಬರಲೇಬೇಕು. ಪದ್ಯಕ್ಕೆ ಬೇರೆ ನಡೆ ಇರಬಹುದೆಂದು ನಾನು ಒಂದು ಸಲವೂ ಯೋಚಿಸಿರಲಿಲ್ಲ.

ಡಚ್ ಮನಃಶಾಸ್ತ್ರಜ್ಞ ಆಡ್ರಿಯಾನ್ ಡಿ ಗ್ರೂಟ್ 1946ರಲ್ಲಿ ಚೆಸ್ ಆಟಗಾರರ ಯೋಚನೆಯ ಮೇಲೆಯೇ ಡಾಕ್ಟರೇಟ್ ಪ್ರಬಂಧ ಬರೆದ. ಅಲೆಖಿನ್, ಕೆರೆಸ್, ಯೂವೆ ಮುಂತಾದವರನ್ನು ಕೂರಿಸಿ, ಸ್ಥಿತಿಗಳನ್ನು ಕೊಟ್ಟು, ಗಟ್ಟಿಯಾಗಿ ಯೋಚಿಸಲು ಹೇಳಿ ದಾಖಲಿಸಿದ. ಗ್ರ್ಯಾಂಡ್‌ಮಾಸ್ಟರುಗಳು ಅವರಿಗಿಂತ ಕೆಳಗಿನ ಒಳ್ಳೆಯ ಆಟಗಾರರಿಗಿಂತ ಬಹಳ ದೂರದವರೆಗೆ ಲೆಕ್ಕ ಹಾಕುತ್ತಾರೆ ಎಂದೇನೂ ಅವನಿಗೆ ಕಾಣಲಿಲ್ಲ. ಸರಿಯಾದ ನಡೆ ಅವರ ಕಣ್ಣಿಗೆ ಬೇಗ ಬೀಳುತ್ತಿತ್ತು. 1973ರಲ್ಲಿ ಚೇಸ್ ಮತ್ತು ಸೈಮನ್ ಇನ್ನೊಂದು ಹೆಜ್ಜೆ ಹೋದರು: ಆಟದಿಂದ ಬಂದ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿದರೆ ಮಾಸ್ಟರ್ ಅದನ್ನು ಹೆಚ್ಚುಕಡಿಮೆ ಪೂರ್ತಿ ಮರುಜೋಡಿಸುತ್ತಾನೆ; ಕಾಯಿಗಳನ್ನು ಹೇಗೆಂದರೆ ಹಾಗೆ ಚೆಲ್ಲಿ ತೋರಿಸಿದರೆ ಅವನೂ ಹೊಸಬನೂ ಹೆಚ್ಚುಕಡಿಮೆ ಒಂದೇ. ನೆನಪಿನ ಬಲವಲ್ಲ ಅದು, ಓದಿನ ರೂಢಿ. ಷಟ್ಪದಿ ಕೇಳಿ ಬೆಳೆದವನಿಗೆ ಮಾತ್ರೆ ತಪ್ಪಿದ್ದು ಲೆಕ್ಕ ಹಾಕುವ ಮುಂಚೆಯೇ ಕಿವಿಗೆ ಚುಚ್ಚುವ ಹಾಗೆ. ಅಂಥ ಕಿವಿ ಪುಸ್ತಕದ ಸಂಖ್ಯೆಯಿಂದ ಬರುವುದಿಲ್ಲ ಎಂಬುದು ನನಗೆ ಈಗ ಚೆನ್ನಾಗಿ ಗೊತ್ತು, ಗೊತ್ತಿರುವುದರಿಂದ ಏನೂ ಆಗುವುದಿಲ್ಲ ಎಂಬುದೂ ಗೊತ್ತು.

ರೇಟಿಂಗು ಏರಿತೇ ಎಂದು ಕೇಳುವವರಿಗೆ: ಅರವತ್ತು ಅಂಕ ಏರಿ ನಲವತ್ತು ಇಳಿದಿದೆ. ಈ ಲೆಕ್ಕ ಕಟ್ಟಿದ ಆರ್ಪಡ್ ಎಲೋ ಭೌತಶಾಸ್ತ್ರದ ಅಧ್ಯಾಪಕ. ನೀರಿನ ಮೇಲೆ ಏಳುತ್ತ ಬೀಳುತ್ತ ಇರುವ ಬಿರಡೆಯನ್ನು, ಗಾಳಿಗೆ ತೂಗಾಡುವ ಹಗ್ಗಕ್ಕೆ ಕಟ್ಟಿದ ಅಳತೆಗೋಲಿನಿಂದ ಅಳೆಯುವ ಕೆಲಸಕ್ಕೆ ಅವನೇ ಇದನ್ನು ಹೋಲಿಸಿದ್ದ. ಆ ಲೆಕ್ಕದಲ್ಲಿ 200 ಅಂಕ ಮೇಲಿರುವವನು ನೂರಕ್ಕೆ ಸುಮಾರು 76ರಷ್ಟು ಗಳಿಸುತ್ತಾನೆ. ಎಂದರೆ ಕೆಳಗಿರುವವನಿಗೂ ನಾಲ್ಕರಲ್ಲಿ ಒಂದು ಪಾಲು ಇದೆ. ಎನ್.ಎನ್. ಕೂಡ ಆಗಾಗ ಗೆದ್ದಿರಬೇಕು. ಆ ಆಟಗಳನ್ನು ಯಾರೂ ಅಚ್ಚು ಹಾಕಲಿಲ್ಲ.

ಯೂವೆ ಮತ್ತು ಮೈಡನ್‌ರ ಪುಸ್ತಕದಲ್ಲಿ ನಾನೀಗ ಒಂಬತ್ತನೆಯ ಆಟದಲ್ಲಿದ್ದೇನೆ. ವಾರಕ್ಕೊಂದು, ಪಟ ಹಾಕಿ, ಉತ್ತರ ಮುಚ್ಚಿಕೊಂಡು. ಕಳೆದ ಭಾನುವಾರ ಹಾಸ್ಟೆಲ್ಲಿನ ಕೆಳಗಿನ ಮಹಡಿಯ ಎಂ.ಎಸ್‌ಸಿ. ಹುಡುಗನೊಡನೆ ಆಡಿದೆ. ಗೆಲ್ಲುವ ಸ್ಥಿತಿ ಇತ್ತು. ಅವನ ಆನೆಯ ಎದುರು ನನ್ನ ಆನೆಯನ್ನು ಇಟ್ಟೆ, ಹೊಡೆದುಕೊಳ್ಳಲೇಬೇಕು ಎಂಬ ಧೈರ್ಯದಲ್ಲಿ. ಅವನು ಆನೆಯನ್ನು ಮುಟ್ಟದೆ ಕುದುರೆಯಿಂದ ಚೆಕ್ ಕೊಟ್ಟ, ಮರುನಡೆಯಲ್ಲಿ ನನ್ನ ರಾಣಿ ಹೋಯಿತು. ನೋಟ್‌ಬುಕ್ ತೆಗೆದು ಬರೆಯುತ್ತಿದ್ದರೆ ಅವನು ಬಗ್ಗಿ ನೋಡಿ, ಇದೇನು ಅಣ್ಣಾ ಎಂದ. ವಿವರಿಸಿ, ನಿನಗೆ ಆ ಚೆಕ್ ಮೊದಲೇ ಕಂಡಿತ್ತಾ ಎಂದು ಕೇಳಿದೆ. ಇಲ್ಲವಂತೆ. ಆನೆ ಹೊಡೆಯುವುದಕ್ಕೆಂದೇ ಕೈ ಎತ್ತಿದ್ದನಂತೆ, ಅಷ್ಟರಲ್ಲಿ ಮೆಸ್ಸಿನ ಗಂಟೆ ಹೊಡೆದು ಒಂದು ಕ್ಷಣ ನಿಂತನಂತೆ.